ಡಕಾಯಿತನ ಬಾಯಿಗೆ ನನ್ನ ಸೆರಗು

ನಂದಿನಿ, ವಿನಯ, ನಿಮ್ಮ ಅಜ್ಜಿ ಒಂದು ಕಾಲದಲ್ಲಿ ಮೂವತ್ತು ಡಕಾಯಿತರಿಗೆ ನಗು ಕಲಿಸಿದವಳು. ಈ ಮಾತನ್ನು ಎದುರಿಗೆ ಕೂತು ಹೇಳಲು ನಾಚಿಕೆ, ಅದಕ್ಕೇ ಬರೆಯುತ್ತಿದ್ದೇನೆ.

ನಿಮ್ಮವ್ವ ಸುಧಾ ಆಗ ತೆಲುಗು ಸೀಮೆಯ ಕೊಂಡಾಪುರದ ಒಂದು ಆಫೀಸಿನಲ್ಲಿ ವಿಡಿಯೋ ಗೇಮ್ ಮಾಡುತ್ತಿದ್ದಳು. ದೊಡ್ಡ ಓದು ಓದಿದವರಿಗೆ ಇಡೀ ದಿನ ಆಟದ ಮುಂದೆ ಕೂರಲು ಸಂಬಳ! ಊರ ಶಾಲೆಯಲ್ಲಿ ನಾನು ಕುಂಟೆಬಿಲ್ಲೆ ಆಡಿದ್ದಕ್ಕೆ ಬೆನ್ನಿಗೆ ಸಿಕ್ಕಿದ್ದೇ ಬೇರೆ. ಅವರ ಆಟದ ಹಳ್ಳಿಗೆ ಒಬ್ಬ ಅಜ್ಜಿ ಬೇಕಾಗಿದ್ದಳು. ಆಫೀಸಿನಲ್ಲಿ ಯಾರಿಗೂ ಮೂವತ್ತು ದಾಟಿರಲಿಲ್ಲ. ನಾಂಪಲ್ಲಿಯ ದೊಡ್ಡ ವಸ್ತುಪ್ರದರ್ಶನವಾದ ನುಮಾಯಿಶ್‌ನಲ್ಲಿ ಫೋಟೋ ತೆಗೆಸುವಾಗಲೂ ತಲೆ ಬಗ್ಗಿಸಿದ್ದ ನನ್ನನ್ನು ಆಟೋ ಹತ್ತಿಸಿ ಆಫೀಸಿಗೆ ಕರೆದೊಯ್ದರು.

“ಅಮ್ಮಗಾರೂ, ಒಕ್ಕಸಾರಿ ನವ್ವಂಡಿ” ಎಂದು ಕ್ಯಾಮೆರಾದವನು ತೆಲುಗಿನಲ್ಲಿ ನಗಲು ಹೇಳಿದ. ನಕ್ಕೆ. ಸೆರಗು ತಾನಾಗಿ ಬಾಯಿಗೆ ಬಂತು. ಮದುವೆಯಾದ ವರ್ಷ ನನ್ನ ಅತ್ತೆ, “ಹಲ್ಲು ತೋರಿಸಬ್ಯಾಡ” ಎಂದಿದ್ದರು. ಅತ್ತೆ ಹೋದರು, ನಿಮ್ಮ ಅಜ್ಜ ಹೋದರು, ನಾಲ್ಕು ಹಲ್ಲೂ ಹೋದವು. ಸೆರಗು ಮಾತ್ರ ಕೆಲಸ ಬಿಟ್ಟಿರಲಿಲ್ಲ.

ನಗುವ ನನ್ನದೊಂದು ಅಚ್ಚನ್ನು ಅವರು ಕಂಪ್ಯೂಟರಿನಲ್ಲಿ ಮಾಡಿಟ್ಟರು. ಅದರ ಹೆಸರು ಪ್ರಿಫ್ಯಾಬ್ ಅಂತೆ. ಒಮ್ಮೆ ಮಾಡಿದರೆ ಬೇಕಾದಲ್ಲಿ ಬೇಕಾದಷ್ಟು ಅಜ್ಜಿಯರನ್ನು ನಿಲ್ಲಿಸಬಹುದು. ಇದು ಚಕ್ಕುಲಿಯ ಅಚ್ಚಿಗಿಂತ ಒಂದು ಕೈ ಮೇಲು. ಒತ್ತಿದ ಚಕ್ಕುಲಿಗೆ ಅಚ್ಚಿನ ನೆನಪಿರುವುದಿಲ್ಲ. ಇಲ್ಲಿ ಮೂಲದ ಅಚ್ಚನ್ನು ತಿದ್ದಿದರೆ, ಹಿಂದೆ ಒತ್ತಿದ ಚಕ್ಕುಲಿಗಳೂ ಡಬ್ಬಿಯಲ್ಲಿ ಕೂತಲ್ಲೇ ತಿದ್ದಿಕೊಳ್ಳುತ್ತವೆ.

ಇಷ್ಟು ಸೌಕರ್ಯ ಸಿಕ್ಕ ಮೇಲೆ ಜಾಣರು ಸುಮ್ಮನಿರುತ್ತಾರೆಯೇ? ಹೊಸಬರನ್ನು ಯಾಕೆ ಮಾಡಬೇಕೆಂದು ನನ್ನ ಅಚ್ಚಿಗೇ ಮೀಸೆ ಅಂಟಿಸಿ ಫೌಜುದಾರನನ್ನು, ಬಂದೂಕು ಕೊಟ್ಟು ಡಕಾಯಿತರನ್ನು ಮಾಡಿದರು. ಬಟ್ಟೆ ಬದಲಿಸಿದರು, ನಗು ಬದಲಿಸಲು ಮರೆತರು.

ಆಟ ಕೊಳ್ಳುವವರು ನೋಡಲು ಬರುವ ಹಿಂದಿನ ದಿನ ಸುಧಾ ಮಧ್ಯಾಹ್ನವೇ ಮನೆಗೆ ಓಡಿಬಂದಳು.

“ಅವ್ವಾ, ಡಕಾಯಿತ ಊರು ಸುಡೋ ಮುಂದ ನಿನ್ನಂಗ ಬಾಯಿ ಮುಚ್ಕೊಂಡು ನಾಚಿ ನಗಾಕತ್ತಾನ! ನಾಳೆ ಅವರು ನೋಡಿದ್ರ ನನ್ನ ನೌಕರಿ ಹೋಗ್ತೈತಿ.”

“ಆ ಕಳ್ಳಗ ಬ್ಯಾರೆ ನಗು ಹಚ್ಚರಿ.”

“ಮೂವತ್ತು ಮಂದೀನ ಒಬ್ಬೊಬ್ಬರನ್ನ ತಿದ್ದಾಕ ಟೈಮ್ ಎಲ್ಲೈತಿ? ಮೂಲದಾಗ ನೀ ಅದಿ. ನೀ ಬಾಯಿ ಬಿಟ್ಟು ನಕ್ರ ಎಲ್ಲಾರೂ ನಗ್ತಾರ.”

ಮತ್ತೆ ಆಟೋ. ನಂದಿನಿ, ಶಾಲೆಗೆ ರಜೆಯೆಂದು ನೀನೂ ಬಂದಿದ್ದೆ. ಹತ್ತು ಸಲ ನಕ್ಕೆ, ಹತ್ತು ಸಲವೂ ಕೈ ಎದ್ದಿತು. ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರೆ ನಗುವೇ ಬರಲಿಲ್ಲ. ನಿಮ್ಮವ್ವನ ಮುಖ ಸಣ್ಣದಾಯಿತು. ನನ್ನನ್ನು ನಗಿಸಲು ಕ್ಯಾಮೆರಾದವನು ಡಕಾಯಿತನಂತೆ ಮೀಸೆ ತಿರುವಿ, ನಾಚಿ, ಬಳುಕಿದ. ಮೂಲೆಯ ತಿರುಗುವ ಕುರ್ಚಿಯಲ್ಲಿದ್ದ ನೀನು ಕಿಲಕಿಲ ನಕ್ಕೆ. ನಿನ್ನ ಎಳೆಯ ಅಂಗೈ ಬಾಯಿಯ ಮೇಲಿತ್ತು. ನಿನಗಿನ್ನೂ ಆರು ವರ್ಷ. ನನ್ನ ಅತ್ತೆಯನ್ನು ನೀನು ನೋಡಿಯೇ ಇರಲಿಲ್ಲ.

ಮೂಲದಲ್ಲಿ ನಾನಿದ್ದೇನೆ ಎಂದು ಸುಧಾ ಹೇಳಿದ್ದು ತಪ್ಪು. ನಾನು ಅತ್ತೆಯ ನಕಲು, ಅವರು ಅವರ ಅತ್ತೆಯ ನಕಲು. ಮೂಲದವಳು ಯಾರೋ, ಯಾವ ಊರಿನವಳೋ! ಅವಳನ್ನು ಹುಡುಕಿ ತಿದ್ದುವ ಕಂಪ್ಯೂಟರು ಕೊಂಡಾಪುರದಲ್ಲೂ ಇಲ್ಲ.

“ಕೈ ತೆಗಿ, ಮಗಳ” ಎಂದೆ.

“ಮೊದಲ ನೀ ತೆಗಿ, ಅಜ್ಜಿ.”

ತೆಗೆದೆ. ಹಲ್ಲು ಬಿದ್ದ ಜಾಗವೆಲ್ಲ ಕಾಣುವಂತೆ, ಆಫೀಸಿನ ಗಾಜು ನಡುಗುವಂತೆ ನಕ್ಕೆ. ಅಷ್ಟು ದೊಡ್ಡ ನಗು ನನ್ನೊಳಗೆ ಎಲ್ಲಿತ್ತೋ ಕಾಣೆ.

ಮರುದಿನ ಮೂವತ್ತು ಡಕಾಯಿತರೂ ಫೌಜುದಾರನೂ ನಾಲ್ಕು ಹಲ್ಲಿಲ್ಲದ ಬಾಯಿ ತೆರೆದು ನಕ್ಕರಂತೆ. ನೋಡಲು ಬಂದವರು “ಭಾಳ ಭಯಂಕರ” ಎಂದು ಮೆಚ್ಚಿ ಕೈ ಕುಲುಕಿದರಂತೆ. ಸುಧಾಳ ನೌಕರಿ ಉಳಿಯಿತು. ನನ್ನ ರೂಪಕ್ಕೆ ಅಂಥ ಹೊಗಳಿಕೆ ಅದಕ್ಕೆ ಮುಂಚೆ ಸಿಕ್ಕಿರಲಿಲ್ಲ, ಆಮೇಲೂ ಸಿಕ್ಕಿಲ್ಲ.

ಈಗ ನಂದಿನಿ ನಕ್ಕರೆ ಮೇಲಿನ ಮಹಡಿಯವರಿಗೂ ಕೇಳುತ್ತದೆ. ವಿನಯ, ಆಮೇಲೆ ಹುಟ್ಟಿದ ನೀನು ಅಕ್ಕನನ್ನು ನೋಡಿಯೇ ನಗು ಕಲಿತೆ.

ಮಕ್ಕಳೇ, ಈ ಹಾಳೆಗಳನ್ನು ಜೋಪಾನ ಮಾಡಿ. ಇವಕ್ಕೆ ಅಚ್ಚಿಲ್ಲ, ಇರುವುದು ಇದೊಂದೇ. ಓದುವಾಗ ನಗು ಬಂದರೆ, ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಳ್ಳಿ.