ಮಾಬ್ಲಣ್ಣನ ‘ಬತ್ತೆ’

“ಆಯಿ, ಮಾಬ್ಲ ಮಾವ ಗಿಟಾರಿಗೂ ಇಂಜಿನ್ ಕೂಡ್ಸಿದಾರಾ?”

ಅನ್ನ ಕಲಸುತ್ತಿದ್ದ ನನ್ನ ಕೈ ನಿಂತಿತು. ಮಗಳು ಸ್ಮೃತಿಗೆ ಐದು ವರ್ಷ. ಪಕ್ಕದ ಮನೆಯ ಮಾಬ್ಲೇಶ್ವರ ದೋಣಿಯ ಇಂಜಿನ್ ರಿಪೇರಿ ಮಾಡುವವರು ಎಂಬುದು ಅವಳಿಗೆ ಗೊತ್ತು. ಅವರ ಗಿಟಾರಿನಿಂದ ಒಂದು ವೈರು ಹೊರಟು ಕಪ್ಪು ಪೆಟ್ಟಿಗೆ ಸೇರುವುದನ್ನೂ, ಗುಂಡಿ ತಿರುಗಿಸಿದೊಡನೆ ಆ ಪೆಟ್ಟಿಗೆ ‘ಗುಂಯ್’ ಎನ್ನುವುದನ್ನೂ ಕಿಟಕಿಯಿಂದ ನೋಡಿದ್ದಾಳೆ. ಮಗು ಇನ್ನೇನೆಂದು ತಿಳಿಯಬೇಕು?

“ಹೌದು, ಕೂಡ್ಸಿದಾರೆ. ನೀ ಬಾಯಿ ತೆಗಿ,” ಎಂದೆ. ತುತ್ತು ಮುಗಿಯಬೇಕಲ್ಲ. ಆದರೆ ಅವಳು ದೊಡ್ಡವಳಾದ ಮೇಲೆ ಓದಿಕೊಳ್ಳಲೆಂದು ಸರಿಯಾದ ಉತ್ತರವನ್ನು ಇಲ್ಲಿ ಬರೆದಿಡುತ್ತಿದ್ದೇನೆ. ಬರುವ ತಿಂಗಳು ಮಾಬ್ಲಣ್ಣನ ರಾಕ್ ಆಲ್ಬಂ ಹೊರಬರುತ್ತದೆ. ನಮ್ಮ ಮಂಕಿ ಊರಿನ ಈ ಕೇರಿಯಲ್ಲಿ, ನಮ್ಮ ಬೇಲಿಗೆ ತಾಗಿದ ಶೆಡ್ಡಿನಲ್ಲಿ ಹುಟ್ಟಿದ ಎಂಟು ಹಾಡುಗಳು.

ಮಾಬ್ಲಣ್ಣ ಹುಟ್ಟಿದ್ದು ಹೊಳೆಯ ದಡದ ಅಘನಾಶಿನಿ ಊರಿನಲ್ಲಿ. ತಾಯಿ ಗಂಗಿ ಇಳಿತದ ಹೊತ್ತಿಗೆ ಹೊಳೆಗಿಳಿದು ಬಳಚು ಎಂಬ ಚಿಪ್ಪುಮೀನು ಹೆಕ್ಕಿ, ಕುಮಟೆ ಪೇಟೆಯಲ್ಲಿ ಮಾರಿ ಮಗನನ್ನು ಹತ್ತನೆಯ ತರಗತಿಯವರೆಗೆ ಓದಿಸಿದರು. ಆಮೇಲೆ ಮಗ ಭಟ್ಕಳದ ಒಂದು ಇಂಜಿನ್ ಗ್ಯಾರೇಜು ಸೇರಿದ. ಗ್ಯಾರೇಜಿನ ಸಾಹೇಬರ ತಮ್ಮ ದುಬೈಯಿಂದ ಬರುವಾಗ ಚೀಲ ತುಂಬ ಹಳೆಯ ಇಂಗ್ಲಿಷ್ ಬ್ಯಾಂಡುಗಳ ಕ್ಯಾಸೆಟ್ ತಂದಿದ್ದರು. ಮನೆಯಲ್ಲಿ ಹಾಕಿದರೆ ಅಮ್ಮ ಬೈಯುತ್ತಾರೆಂದು ಗ್ಯಾರೇಜಿಗೇ ತಂದು ಹಾಕುತ್ತಿದ್ದರಂತೆ.

“ಅವ್ರು ಹಾಡಿದ್ದು ಒಂದಕ್ಷರ ತಿಳೀಲಿಲ್ಲ ತಂಗಿ,” ಎಂದು ಮಾಬ್ಲಣ್ಣ ಒಮ್ಮೆ ನನಗೆ ಹೇಳಿದ್ದರು. “ಆದ್ರೆ ಗಿಟಾರು ಹೇಳಿದ್ದು ಪೂರಾ ತಿಳೀತು.”

ಮಾತು ತಿಳಿಯದ ಕಡೆ ತಮ್ಮದೇ ಮಾತು ತುಂಬಿದರು. ಅತ್ತ ಇಂಗ್ಲಿಷಿನವನು ಗಂಟಲು ಬಿಟ್ಟು ಎಳೆಯುವಾಗ ಇತ್ತ ಇವರು ಕೈಯಲ್ಲಿ ಪಾನಾ ಹಿಡಿದು “ಎಂತಾ ಆತು, ಎಂತಾ ಆತು” ಎಂದು ಎಳೆಯುತ್ತಿದ್ದರಂತೆ. ಅವರ ಹಾಡು ಶುರುವಾದದ್ದೇ ಹಾಗೆ. ಆಮೇಲೆ ಮದುವೆ ಮನೆಗಳಲ್ಲಿ, ಗಣೇಶ ಹಬ್ಬದಲ್ಲಿ ಆರ್ಕೆಸ್ಟ್ರಾದವರ ಜೊತೆ ಸಿನಿಮಾ ಹಾಡುಗಳಿಗೆ ಗಿಟಾರು ನುಡಿಸಿದರು. ಜನ ಕೇಳಿದ್ದನ್ನೆಲ್ಲ ನುಡಿಸಿದರು. ತಮ್ಮದನ್ನು ಮಾತ್ರ ಯಾರೂ ಕೇಳಲಿಲ್ಲ, ಇವರೂ ನುಡಿಸಲಿಲ್ಲ.

ಅದಕ್ಕೆ ಜನ ಸಿಕ್ಕಿದ್ದು ಇತ್ತೀಚೆಗೆ. ಕುಮಟೆಯ ಶಾಲೆಯೊಂದರಲ್ಲಿ ಆಟ ಕಲಿಸುವ ಉದಯ ಮಾಸ್ತರರು ಡ್ರಮ್ಮಿಗೆ ಬಂದರು. ಹೊನ್ನಾವರದಲ್ಲಿ ನೌಕರಿ ಮಾಡುವ ವಿನೋದ ಬೇಸ್ ಗಿಟಾರಿಗೆ. ಭಾನುವಾರವೆಂದರೆ ಶೆಡ್ಡಿನ ತಗಡು ನಡುಗುತ್ತಿತ್ತು. ಮಾಬ್ಲಣ್ಣನ ಹೆಂಡತಿ ಭಾಗ್ಯಕ್ಕ ಅಂಗಳ ಗುಡಿಸುತ್ತ ಎಲ್ಲರಿಗೂ ಕೇಳುವಂತೆ ಹೇಳುತ್ತಿದ್ದರು: “ಕೆಟ್ಟ ಇಂಜಿನ್ನಾದ್ರೆ ಇವ್ರು ಒಂದಿನದಲ್ಲಿ ಸರಿ ಮಾಡ್ತಾರೆ. ಇದು ಎಂತ ಮಾಡಿದ್ರೂ ಸರಿ ಆಗೂದಿಲ್ಲ ನೋಡು!”

ರಾಕ್ ಎಂದರೆ ಕಿರುಚಾಟ ಎಂದೇ ನಾನೂ ತಿಳಿದಿದ್ದೆ. ಒಂದು ಭಾನುವಾರ ಬಟ್ಟೆ ಒಣಹಾಕುತ್ತಿದ್ದಾಗ ಶೆಡ್ಡಿನಿಂದ ಒಂದೊಂದೇ ತಂತಿ ಮೆಲ್ಲಗೆ ಮಾತಾಡಿತು. ಅದರ ಮೇಲೆ ಮಾಬ್ಲಣ್ಣನ ಒರಟು ದನಿ:

ದೋಣಿಯ ಹಗ್ಗ ಬಿಚ್ಚಿದರೇನು, ಬಾಗಿಲ ಚಿಲಕ ಹಾಕಬೇಡ
ಬತ್ತೆ, ನಾ ಬತ್ತೆ

ಆಮೇಲೆ ಡ್ರಮ್ಮು ಸೇರಿತು. ಹಾಡು ಮುಗಿಯಿತು ಎನ್ನುವಷ್ಟರಲ್ಲಿ ಗಿಟಾರು ಒಂದೇ ಎದ್ದು, ಮಾತಿಲ್ಲದೆ ಅದೇ ರಾಗವನ್ನು ಎತ್ತಿಕೊಂಡು ಹೋಯಿತು, ದಡದಲ್ಲಿ ನಿಂತವರಿಗೆ ದೋಣಿ ಚಿಕ್ಕದಾಗುತ್ತ ಕಾಣುವಂತೆ. ಹಿಂಡಿದ ಸೀರೆ ಹಿಡಿದು ನಿಂತೇ ಇದ್ದೆ. ನೀರು ಮೊಣಕೈವರೆಗೆ ಇಳಿದದ್ದು ಆಮೇಲೆ ಗೊತ್ತಾಯಿತು.

ನಡುಗಡಲಲ್ಲಿ ಯಾರದಾದರೂ ಇಂಜಿನ್ ಕೆಟ್ಟರೆ ಮಾಬ್ಲಣ್ಣನಿಗೆ ಫೋನು ಬರುತ್ತದೆ. ಸಿಕ್ಕಿದ ದೋಣಿ ಹತ್ತಿ ಹೋಗುತ್ತಾರೆ. ಯಾವಾಗ ತಿರುಗಿ ಬರುತ್ತಾರೆಂದು ಅವರಿಗೂ ಗೊತ್ತಿರುವುದಿಲ್ಲ. ಹೊಸ್ತಿಲು ದಾಟುವಾಗ ಅವರು ಹೇಳುವುದು ಒಂದೇ ಮಾತು, “ಬತ್ತೆ.” ಎಂದರೆ, ಬರುತ್ತೇನೆ. ನಮ್ಮ ಕಡೆ ಮನೆ ಬಿಡುವಾಗ ‘ಹೋಗ್ತೆ’ ಎನ್ನುವ ಪದ್ಧತಿಯೇ ಇಲ್ಲ. ಆ ಮಾತೇ ಹಾಡಾಯಿತು, ಆಲ್ಬಮ್ಮಿನ ಹೆಸರೂ ಆಯಿತು.

ಎಂಟೂ ಹಾಡು ಮಂಗಳೂರಿನ ಸ್ಟುಡಿಯೋದಲ್ಲಿ ರೆಕಾರ್ಡ್ ಆದವು. ಹೋದ ವಾರ ಅಲ್ಲಿಂದ ಮುಖಪುಟದ ಚಿತ್ರ ಫೋನಿಗೆ ಬಂತು. ಮೂವರೂ ಶೆಡ್ಡಿನಲ್ಲಿ ತಲೆಗೆ ತಲೆ ತಾಗಿಸಿ ನೋಡಿದರು. ಒಂದು ಹಗ್ಗ. ಹಗ್ಗದ ಮೇಲೆ ಕೆಂಪು ಅಂಗಿ, ಹಳದಿ ಲಂಗ, ನೀಲಿ ಲುಂಗಿ, ಸಾಲಾಗಿ ಕ್ಲಿಪ್ಪು.

ಆದದ್ದು ಇಷ್ಟು. ಆಲ್ಬಮ್ಮಿನ ಹೆಸರನ್ನು ವಿನೋದ ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿ ಕಳಿಸಿದ್ದ. ಆ ಅಕ್ಷರಗಳನ್ನು ‘ಬತ್ತೆ’ ಎಂದೂ ಓದಬಹುದು, ‘ಬಟ್ಟೆ’ ಎಂದೂ ಓದಬಹುದು. ಸ್ಟುಡಿಯೋದಲ್ಲಿ ಮುಖಪುಟ ಮಾಡುವ ಅಕ್ಷಯ, ಹಾಡು ಇನ್ನೂ ಕೇಳಿರದವನು, ‘ಬಟ್ಟೆ’ ಎಂದು ಓದಿದ್ದ.

ಉದಯ ಮಾಸ್ತರರಿಗೆ ನಗು ತಡೆಯಲಾಗಲಿಲ್ಲ. “ಮಾಬ್ಲಣ್ಣ, ಎಂಟು ಹಾಡೂ ಒಣಗಿದ್ವಾ, ಇನ್ನೂ ಹಸಿ ಅದೆಯಾ?”

“ನೀ ಸುಮ್ನಿರು ಮಾರಾಯ,” ಎಂದ ವಿನೋದನ ಮುಖ ಚಿಕ್ಕದಾಗಿತ್ತು.

ಅಕ್ಷಯ ಫೋನಿನಲ್ಲಿ ಪಾಪ ನೂರು ಸಲ ಕ್ಷಮೆ ಕೇಳಿದ. ಕೊನೆಗೆ ಒಳ್ಳೆಯ ಮನಸ್ಸಿನಿಂದಲೇ ಒಂದು ಮಾತು ಹೇಳಿದ: “ಆದ್ರೆ ಸರ್, ಹೊರಗಿನವರಿಗೆ ಈ ಪದ ಗೊತ್ತಾಗುದಿಲ್ಲ. ‘ಬರುವೆ’ ಅಂತ ಮಾಡಿದ್ರೆ ಎಲ್ಲರಿಗೂ ತಿಳೀತದೆ. ಅದೊಂದನ್ನು ಮತ್ತೆ ಹಾಡಿ ಕಳಿಸಿ, ಇಲ್ಲಿ ಸೇರಿಸ್ತೇವೆ.”

ಮಾಬ್ಲಣ್ಣ ಎರಡು ದಿನ ಮಂಕಾದರು. ಬೇಲಿಯ ಹತ್ತಿರ ನಿಂತು ಹೇಳಿದರು: “ಇಷ್ಟು ವರ್ಷಕ್ಕೆ ನನ್ನದು ಅಂತ ಒಂದು ಮಾಡಿದೆ ತಂಗಿ. ಇನ್ನೊಂದು ಮಾಡ್ತೆ ಅನ್ನೂ ವಯಸ್ಸಲ್ಲ. ಒಂದು ಪದ ತಿಳೀಲಿಲ್ಲ ಅಂತ ಜನ ಕೇಳ್ದೇ ಬಿಟ್ರೆ?”

ಭಾನುವಾರ ಶೆಡ್ಡಿನಲ್ಲಿ ಎರಡನ್ನೂ ನುಡಿಸಿ ತೋರಿಸಿದರು. ಭಾಗ್ಯಕ್ಕ ಬಾಗಿಲಲ್ಲಿ ಕೂತು ಕಾಯಿ ತುರಿಯುತ್ತಿದ್ದರು. ನಾನು, ಸ್ಮೃತಿ ಚಾಪೆಯ ಮೇಲೆ.

ಮೊದಲು ‘ಬತ್ತೆ’. ‘ಬತ್’ ಎನ್ನುವಲ್ಲಿ ಮಾಬ್ಲಣ್ಣನ ಅಂಗೈ ತಂತಿಗಳ ಮೇಲೆ ಬಿದ್ದು ಸದ್ದು ಕಡಿಯಿತು. ಡ್ರಮ್ಮಿನ ಪೆಟ್ಟೂ ಅಲ್ಲೇ ಬಿತ್ತು. ಒಂದು ಉಸಿರಿನಷ್ಟು ಏನೂ ಇಲ್ಲ. ಆಮೇಲೆ ‘ತೇ’ ಎಂದು ದನಿಯೂ ಗಿಟಾರೂ ಒಟ್ಟಿಗೆ ಹೊರಟವು.

ಅನಂತರ ‘ಬರುವೆ’. ಅದು ಎಲ್ಲೂ ತಡೆಯದೆ ಹರಿಯಿತು. ಇಂಪಾಗಿಯೇ ಇತ್ತು.

“ಇದೂ ಚೆಂದ ಅದೆ ಮಾಬ್ಲಣ್ಣ. ಎಲ್ಲರಿಗೂ ತಿಳೀತದಲ್ಲ,” ಎಂದೆ. ನನಗೆ ಹಾಗೇ ಅನ್ನಿಸಿತ್ತು.

“ಇದನ್ನ ಹಾಡಿದ್ದು ಬೇರೆ ಮಾವ,” ಎಂದಳು ಸ್ಮೃತಿ.

ಭಾಗ್ಯಕ್ಕ ತುರಿಯುವುದನ್ನು ನಿಲ್ಲಿಸಲಿಲ್ಲ, ತಲೆಯನ್ನೂ ಎತ್ತಲಿಲ್ಲ. “ಅಲ್ದೆ ಮತ್ತೆ! ಯಾರಿವ್ರು ಬರುವೆ ಬರುವೆ ಅನ್ನೂದು? ನಮ್ಮನೆ ಹೊಸ್ತಿಲು ದಾಟೂವಾಗ ಇಷ್ಟು ವರ್ಷ ಬತ್ತೆ ಅಂದೇ ಹೋಗಿದ್ದು ನೀವು. ಬರುವೆ ಅಂದು ಹೋದವ್ರಿಗೆ ನಾ ಅನ್ನ ತೆಗ್ದಿಡೂದಿಲ್ಲ.”

ಈ ಹಾಡಿನ ಬಗ್ಗೆ ಭಾಗ್ಯಕ್ಕನ ಬಾಯಿಂದ ಬಂದ ಮೊದಲ ಒಳ್ಳೆಯ ಮಾತು ಅದು. ಒಳ್ಳೆಯ ಮಾತೆಂದು ತಿಳಿಯಲು ಎಲ್ಲರಿಗೂ ಸ್ವಲ್ಪ ಹೊತ್ತು ಬೇಕಾಯಿತು.

“ಆತು,” ಎಂದರು ಮಾಬ್ಲಣ್ಣ. ಅಲ್ಲಿಂದಲೇ ಅಕ್ಷಯನಿಗೆ ಫೋನು ಹಚ್ಚಿದರು. “ಬತ್ತೆಯೇ ಇರ್ಲಿ ಮಾರಾಯ. ಹೆಸರು ಕನ್ನಡದಲ್ಲೇ ಹಾಕು, ದೊಡ್ಡದಾಗಿ. ತಿಳೀದವ್ರು ಕೇಳಿ ತಿಳ್ಕಳ್ಲಿ. ನಾ ಇಂಗ್ಲಿಷ್ ಹಾಡು ತಿಳಿದೇ ಕೇಳಿದ್ನಾ?”

“ಆಯ್ತು ಸರ್. ಹಾಗಾದ್ರೆ ಬಟ್ಟೆ ಚಿತ್ರ ತೆಗೀತೇನೆ.”

ಮಾಬ್ಲಣ್ಣ ಹೊರಗೆ ಅಂಗಳದ ಕಡೆ ನೋಡಿದರು. “ತಡಿ, ಅದನ್ನ ತೆಗೀಬೇಡ. ಕಡಲಿಂದ ತಿರುಗಿ ಬರೂವಾಗ ನಂಗೆ ಮೊದ್ಲು ಕಾಣೂದೇ ಹಗ್ಗದ ಮೇಲಿನ ಬಟ್ಟೆ. ಮನೇಲಿ ಜನ ಇದ್ದಾರೆ ಅಂತ ಅದನ್ನ ನೋಡಿಯೇ ಗೊತ್ತಾಗೂದು. ಆದ್ರೆ ನಿನ್ನ ಬಣ್ಣದ ಬಟ್ಟೆ ಬೇಡ. ನಮ್ಮದೇ ಫೋಟೋ ಕಳಿಸ್ತೆ.”

ಈಗ ಕೇರಿಯಲ್ಲಿ ಇದೇ ಸುದ್ದಿ. ಮೀನು ತರುವ ಮಂಜಿ ಬುಟ್ಟಿ ಇಳಿಸುವ ಮೊದಲೇ “ಬತ್ತೆ ಯಾವಾಗ ಬತ್ತದ್ರಾ?” ಎಂದು ಕೇಳಿ ತಾನೇ ನಗುತ್ತಾಳೆ. ಮುಟ್ಟಳ್ಳಿಯಲ್ಲಿರುವ ನನ್ನ ತಾಯಿಗೆ ಫೋನಿನಲ್ಲಿ ಹಾಡು ಕೇಳಿಸಿ, “ನಮ್ಮ ಪಕ್ಕದ ಮನೆಯವ್ರು,” ಎಂದೆ. ನಾನು ಒಂದು ತಂತಿಯನ್ನೂ ಮುಟ್ಟಿದವಳಲ್ಲ. ಆದರೂ ಹಾಗೆನ್ನುವಾಗ ನನ್ನ ಬೆನ್ನು ನೆಟ್ಟಗಾಗಿತ್ತು.

ಇವತ್ತು ಸಂಜೆ ಸ್ಮೃತಿಯ ಬಟ್ಟೆ ಮಡಚುತ್ತಿದ್ದಾಗ ಮಾಬ್ಲಣ್ಣ ಬೇಲಿಯ ಹತ್ತಿರ ಬಂದರು. ಗ್ರೀಸು ಒರೆಸಿಕೊಂಡ ಕೈಯನ್ನು ಮತ್ತೆ ಮತ್ತೆ ಒರೆಸಿಕೊಂಡರು.

“ತಂಗಿ, ಒಂದು ಉಪಕಾರ ಆಗ್ಬೇಕು. ನಾಳೆ ಬೆಳಿಗ್ಗೆ ಉದಯ ಕ್ಯಾಮೆರಾ ಹಿಡ್ಕಂಡು ಬರ್ತ. ನಮ್ಮ ಹಗ್ಗ ತೆಂಗಿನ ನೆರಳಲ್ಲಿ ಅದೆ. ನಿನ್ನ ಹಗ್ಗಕ್ಕೆ ಒಳ್ಳೆ ಬಿಸಿಲು, ಹಿಂದೆ ಸಮುದ್ರ ಬೇರೆ ಕಾಣ್ತದೆ. ನಿಮ್ಮ ಬಟ್ಟೆ ಎಂತದೂ ತೆಗೀಬೇಡ. ಸ್ಮೃತಿ ಫ್ರಾಕು ಇರ್ಲಿ, ಭಾಗ್ಯನ ಒಂದು ಸೀರೆ ತಂದು ಕೊಡ್ತೆ. ನಡೂವೆ ಮಾತ್ರ ನನ್ನ ಗ್ರೀಸ್ ಕಲೆ ಅಂಗಿಗೆ ಒಂಚೂರು ಜಾಗ ಬಿಡ್ತ್ಯಾ?”