ಬುಪ್ಪಾಳ ಮಡಕೆ, ಸವೆಂಗನ ತಲೆ

ನಖೊನ್ ಚಾಯ್ ಸೀ ಪೇಟೆಯಲ್ಲಿ, ಹೊಳೆಯ ಕಡೆಗೆ ಇಳಿಯುವ ಓಣಿಯಲ್ಲಿ ಬುಪ್ಪಾಳ ಕ್ಷೌರದಂಗಡಿ ಇದೆ. ಅದರ ಎದುರಿಗೇ ಕೂತು ಬಾಳೆಹಣ್ಣು ಕರಿದು ಮಾರುವವಳು ನಾನು. ಅವಳ ಅಂಗಡಿಯಲ್ಲಿ ಏನು ನಡೆದರೂ ನನ್ನ ಬಾಣಲೆಯ ಮುಂದೆಯೇ ನಡೆದ ಹಾಗೆ, ಹಾಗಾಗಿ ಈ ಕಥೆ ಹೇಳುವ ಹಕ್ಕು ನನ್ನದು.

ಅಪ್ಪ ತೀರಿಕೊಂಡ ಮೇಲೆ ಬುಪ್ಪಾ ಕತ್ತರಿ ಹಿಡಿದಳು. ಹಿರಿಯರ ತಲೆ ಮುಟ್ಟುವ ಮೊದಲು ಕೈ ಮುಗಿದು ಅಪ್ಪಣೆ ಕೇಳುವುದು ಅವಳ ಅಪ್ಪನ ಪದ್ಧತಿ, ಅವಳೂ ಬಿಡಲಿಲ್ಲ. ಆದರೂ ನಮ್ಮ ಪೇಟೆಯ ಮುದುಕರಿಗೆ ಹೆಂಗಸಿನ ಕೈಗೆ ತಲೆ ಕೊಡಲು ಮನಸ್ಸಿಲ್ಲ. ಅವರಿಗೆಲ್ಲ ಮುಂದಾಳು ಸವೆಂಗ್. ಜಗಲಿ ತುಂಬ ಜಾಡಿ ಇಟ್ಟು ಕಾಳಗದ ಮೀನು ಸಾಕುವವನು. ಬಸ್ಸು ಹತ್ತಿ ಪಕ್ಕದ ಊರಿಗೆ ಹೋಗಿ ಕ್ಷೌರ ಮಾಡಿಸಿಕೊಂಡು ಬರುತ್ತಿದ್ದ, ಉಳಿದವರು ಅವನ ಹಿಂದೆ. ಬುಪ್ಪಾಳ ಕುರ್ಚಿ ಮಾತ್ರ ಖಾಲಿ ಬಿದ್ದಿರುತ್ತಿತ್ತು. ನನಗಂತೂ ಅವನನ್ನು ಕಂಡರೆ ಮೈಯೆಲ್ಲ ಉರಿ.

ಒಮ್ಮೆ ಅವನು ಹಣ್ಣು ಕೊಳ್ಳಲು ಬಂದಾಗ ಕೈಯಲ್ಲಿ ನೀರು ತುಂಬಿದ ಪ್ಲಾಸ್ಟಿಕ್ ಚೀಲ, ಅದರಲ್ಲಿ ಕಡುನೀಲಿ ಬಣ್ಣದ ಗಂಡುಮೀನು. ಬುಪ್ಪಾ ಬಾಗಿಲಿಗೆ ಬಂದಳು.

"ಎಷ್ಟು ಚೆನ್ನಾಗಿದೆ ದೊಡ್ಡಪ್ಪ!"

"ಯಾರ್ ಬೇಕಾದ್ರೂ ನೋಡ್ತಾರಮ್ಮ, ಸಾಕೋದು ಬೇರೆ ಮಾತು. ಗಂಡಸರ ತಲೆ ನೋಡ್ಕೊಳ್ಳೋಕೆ ಹೊರಟಿದೀಯಲ್ಲ, ಮೊದಲು ಒಂದು ಮೀನು ನೋಡ್ಕೋ, ನೋಡೋಣ."

"ನೋಡ್ಕೊಂಡ್ರೆ?"

"ಭಿಕ್ಷುಗಳ ಮಳೆಗಾಲದ ವ್ರತ ಮುಗಿಯೋದ್ರೊಳಗೆ ನಿನ್ನ ಅಂಗಡೀಲಿ ಅದು ನೊರೆಗೂಡು ಕಟ್ಟಿದ್ರೆ, ನಿನ್ನ ಕುರ್ಚೀಲಿ ಕೂತ್ಕೋತೀನಿ. ಕಟ್ಟಲಿಲ್ವೋ, ಮೀನು ವಾಪಸ್ಸು, ಕುರ್ಚಿ ಗುಜರಿಗೆ."

"ಕೊಡಿ ಇಲ್ಲಿ," ಎಂದು ಬುಪ್ಪಾ ಚೀಲ ಕಸಿದುಕೊಂಡಳು.

ಈ ಮೀನು ನೆಮ್ಮದಿಯಿಂದಿದ್ದರೆ ಬಾಯಿಂದ ಗುಳ್ಳೆ ಬಿಟ್ಟು ನೀರಿನ ಮೇಲೆ ಹಾಸಿಗೆಯಂತೆ ಕೂಡಿಸುತ್ತದೆ, ಅದೇ ನೊರೆಗೂಡು. ಬುಪ್ಪಾ ಒಳ್ಳೆಯ ಗಾಜಿನ ತೊಟ್ಟಿ ತಂದು, ಬಂದವರಿಗೆಲ್ಲ ಕಾಣಲಿ ಎಂದು ಕನ್ನಡಿಯ ಮುಂದೆಯೇ ಇಟ್ಟಳು. ಮೀನು ಕಿವಿರು ಅರಳಿಸಿ, ರೆಕ್ಕೆ ಬಿಚ್ಚಿ ಅತ್ತಿಂದಿತ್ತ ಠೀವಿಯಿಂದ ತಿರುಗಿತು.

"ಅಕ್ಕಾ, ಇದರ ಪೊಗರು ನೋಡೇ," ಎನ್ನುತ್ತಿದ್ದಳು ನನಗೆ.

ಪೊಗರು ಬಹಳ ದಿನ ಉಳಿಯಲಿಲ್ಲ. ಬಾಲ ಹರಿಯಿತು, ಹಾಕಿದ ಹುಳ ಹಾಗೇ ತಳಕ್ಕೆ ಬಿದ್ದಿರುತ್ತಿತ್ತು. ನೀರು ಸರಿಯಿಲ್ಲ ಎಂದರು ಒಬ್ಬರು, ಕೂದಲಿನ ಬಣ್ಣದ ವಾಸನೆ ಎಂದರು ಇನ್ನೊಬ್ಬರು. ನಾನು ಒಣಗಿದ ಬಾಳೆಎಲೆ ತಂದು ನೀರಿಗೆ ಹಾಕಿಸಿದೆ. ಯಾವುದಕ್ಕೂ ಮೀನು ಜಗ್ಗಲಿಲ್ಲ. ಸವೆಂಗ್ ದಾರಿಯಲ್ಲಿ ಹೋಗುತ್ತಾ ಒಳಗೆ ಇಣುಕಿ, "ಈಗ್ಲೇ ಚೀಲ ತರ್ಲಾ?" ಎಂದು ನಕ್ಕು ಹೋದ. ಬುಪ್ಪಾ ತಳಕ್ಕೆ ಬಿದ್ದ ಹುಳ ತೆಗೆದು ಮತ್ತೆ ನೀರು ಬದಲಿಸಿದಳು.

ಗಿರಾಕಿಯಿಲ್ಲದ ಒಂದು ಮಧ್ಯಾಹ್ನ ಅವಳು ಸುಮ್ಮನೆ ತನ್ನ ಕುರ್ಚಿಯಲ್ಲೇ ಕೂತಿದ್ದಳು. ಇದ್ದಕ್ಕಿದ್ದಂತೆ ಕೂಗಿದಳು.

"ಅಕ್ಕಾ, ಬಾ ಇಲ್ಲಿ!"

"ಎಣ್ಣೆ ಕಾದಿದೆ ಕಣೇ."

"ಎಣ್ಣೆ ಹಾಳಾಗ್ಲಿ, ಬಾ!"

ನನ್ನನ್ನು ಕುರ್ಚಿಯಲ್ಲಿ ಕೂರಿಸಿದಳು. ಮುಂದೆ ಒಂದು ಕನ್ನಡಿ, ಬೆನ್ನ ಹಿಂದೆ ಇನ್ನೊಂದು.

"ಎಷ್ಟು ಜನ ಇದೀಯ ಹೇಳು."

"ಅಯ್ಯಯ್ಯೋ, ಊರು ತುಂಬ ನಾನೇ!"

"ಈ ಮೀನಿಗೂ ಹಾಗೇ ಕಣಕ್ಕಾ. ಊರು ತುಂಬ ವೈರಿಗಳು. ಪಾಪದ್ದು, ಒಂದೇ ಒಂದು ಮೀನು, ಬೆಳಗಿಂದ ಒಂದು ದಂಡಿನ ಜೊತೆ ಬಡಿದಾಡ್ತಿದೆ. ಇದನ್ನ ನಾನು ಪೊಗರು ಅಂದ್ಕೊಂಡೆ!"

ನಾಚಿಕೆಯಾಯಿತು ನಮಗಿಬ್ಬರಿಗೂ. ಒಂದು ಮೀನಿಗೆ ಇನ್ನೊಂದು ಕಾಣದಿರಲಿ ಎಂದು ಜಾಡಿಗಳ ನಡುವೆ ರಟ್ಟು ಇಡುವುದನ್ನು ಹುಟ್ಟಿದಾಗಿನಿಂದ ನೋಡಿದವರು ನಾವು. ಆದರೆ ಅಂಗಡಿಯ ಕನ್ನಡಿ ಮನುಷ್ಯರಿಗಾಗಿ ಇರುವುದು, ಮೀನೂ ನೋಡೀತು ಎಂದು ಯಾರಿಗೂ ಹೊಳೆದಿರಲಿಲ್ಲ.

ಕನ್ನಡಿ ಮುಚ್ಚಿದರೆ ಅಂಗಡಿ ನಡೆಯದು. ಮನೆಗೆ ಒಯ್ದರೆ ಪಂದ್ಯ ಸೋತಂತೆ. ಬುಪ್ಪಾ ಹಿತ್ತಿಲಿಗೆ ಹೋಗಿ ಅವಳಪ್ಪ ತಲೆ ತೊಳೆಯಲು ನೀರು ತುಂಬಿಡುತ್ತಿದ್ದ ಅಗಲ ಬಾಯಿಯ ಹಳೇ ಮಡಕೆಯನ್ನು ಎತ್ತಿ ತಂದಳು. ಸೋಪಿನ ಹೆಸರೂ ಉಳಿಯದಂತೆ ತಿಕ್ಕಿ, ನೆನೆಹಾಕಿ, ಬಿಸಿಲಲ್ಲಿಟ್ಟ ನೀರು ತುಂಬಿ, ನನ್ನ ಬಾಳೆಎಲೆ ತೇಲಿಬಿಟ್ಟಳು. ಮೀನು ಹಾರದಂತೆ ಬಾಯಿಗೆ ಸೊಳ್ಳೆಪರದೆಯ ತುಂಡು ಕಟ್ಟಿದಳು.

ಸವೆಂಗ್ ಕಂಡವನೇ ಗಹಗಹಿಸಿದ. "ಮಡಕೇಲಿ ಹಾಕಿದ್ರೆ ಬಣ್ಣ ಕಾಣೋದು ಯಾರಿಗೆ? ಮೀನಿನ ಉಪ್ಪಿನಕಾಯಿ ಹಾಕ್ತೀಯೇನು?"

"ಅದು ನೆಮ್ಮದಿಯಾಗಿರ್ಲಿ ದೊಡ್ಡಪ್ಪ. ನೋಡೋರು ಬಗ್ಗಿ ನೋಡ್ಲಿ."

ಮೀನು ಮೊದಲು ಉಂಡಿತು. ಆಮೇಲೆ ಬಾಲದ ಹರುಕು ಕೂಡಿಕೊಂಡಿತು. ವ್ರತ ಮುಗಿಯಲು ಇನ್ನೂ ಸ್ವಲ್ಪ ದಿನವಿದೆ ಎನ್ನುವಾಗ ಒಂದು ಬೆಳಿಗ್ಗೆ ಬುಪ್ಪಾ ಪರದೆ ಸರಿಸಿದವಳೇ ಬಾಯಿಗೆ ಕೈ ಅಡ್ಡ ಹಿಡಿದಳು. ಎಲೆಯ ಅಡಿಯಿಂದ ಹೊರಗೆ ಚಾಚಿಕೊಂಡು ಬೆಳ್ಳಗಿನ ನೊರೆಗೂಡು! ಅದರ ಕೆಳಗೆ ಕಾವಲು ಕೂತ ನಮ್ಮ ನೀಲಿ ಸರದಾರ. ನಾನು ಜೋರಾಗಿ ಅತ್ತುಬಿಟ್ಟೆ, ಸಂತೋಷಕ್ಕೆ. ಯಾಕೆ ಮುಚ್ಚಿಡಲಿ?

ಪೇಟೆಗೆ ಪೇಟೆಯೇ ಬಂದು ಒಬ್ಬೊಬ್ಬರಾಗಿ ಬಗ್ಗಿ ನೋಡಿತು. ಕೊನೆಗೆ ಮುದುಕರ ಹಿಂಡಿನೊಂದಿಗೆ ಸವೆಂಗ್ ಬಂದ. ನೆಟ್ಟಗೆ ನಿಂತು ನೋಡಿದ, ಕತ್ತಲು ಕಂಡಿತು. ಕತ್ತು ಚಾಚಿದ, ಆಗಲೂ ಕತ್ತಲು. ಆಮೇಲೆ ಟೋಪಿ ತೆಗೆದು, ಮಂಡಿಗೆ ಕೈ ಊರಿ, ಮಡಕೆಯ ಬಾಯಿಯವರೆಗೂ ತಲೆ ತಗ್ಗಿಸಿದ. ಬಹಳ ಹೊತ್ತು ಏಳಲೇ ಇಲ್ಲ.

"ಗೂಡು ದಪ್ಪಗಿದೆ," ಎಂದ ಕೊನೆಗೆ, ಮಡಕೆಯೊಳಗಿಂದಲೇ. "ನನ್ನ ಜಾಡೀಲೂ ಇಷ್ಟು ದಪ್ಪ ಕಟ್ಟಿರ್ಲಿಲ್ಲ."

ಬುಪ್ಪಾ ಅವನ ಹಿಂದೆ ನಿಂತು ಕೈ ಮುಗಿದಳು. "ಅಪ್ಪಣೆ ಕೊಡಿ ದೊಡ್ಡಪ್ಪ. ಹಿಂದಿನ ಕೂದಲು ಒಂದು ಕಡೆ ಸೊಟ್ಟಗಿದೆ. ಆ ಊರಿನೋನು ನಿಮಗೆ ಬೆನ್ನಿನ ಕಡೆ ಕನ್ನಡಿ ಹಿಡಿದು ತೋರ್ಸೇ ಇಲ್ಲ."

ಎಲ್ಲರೂ ಬಿದ್ದು ಬಿದ್ದು ನಕ್ಕರು. ಸವೆಂಗ್ ತಲೆಯೆತ್ತಿದ, ಅವನೂ ನಗುತ್ತಿದ್ದ. "ಇಲ್ಲೇ ಕತ್ತರಿಸಿಬಿಡು ಮತ್ತೆ."

"ಇಲ್ಲಿ ಬೇಡ, ಕೂದಲು ನೀರಿಗೆ ಬೀಳುತ್ತೆ. ಕುರ್ಚಿಗೆ ಬನ್ನಿ."

ಅವನು ಕೂತ. ಉಳಿದ ಮುದುಕರು ಬೆಂಚಿನ ಮೇಲೆ ತಮ್ಮ ತಮ್ಮ ಸರದಿಗೆ ಒತ್ತಿಕೊಂಡು ಕೂತರು. ನನ್ನ ಬಾಣಲೆಯಲ್ಲಿ ಹಣ್ಣು ಕರಕಲಾಗುತ್ತಿತ್ತು, ನಾನು ಕದಲಲಿಲ್ಲ. ಎದುರುಬದುರಿನ ಆ ಕನ್ನಡಿಗಳಲ್ಲಿ ಕಣ್ಣು ಹಾಯುವಷ್ಟು ದೂರ ಸಾಲಾಗಿ ಸವೆಂಗರು ತಲೆ ತಗ್ಗಿಸಿ ಕೂತಿದ್ದರು. ಒಬ್ಬೊಬ್ಬನ ತಲೆಯ ಮೇಲೂ ನಮ್ಮ ಬುಪ್ಪಾಳ ಕೈ ಇತ್ತು.