ಧೂಳಿಗೆ ಬೆಲ್ಲ

ಹಣಮಪ್ಪ ಆಳು ಕಪ್ಪು. ಕೆಲಸ ಮುಗಿಸಿ ಬರುವಾಗ ಮಾತ್ರ ಬೆಳ್ಳಗೆ ಬರುತ್ತಿದ್ದ. ಹುಬ್ಬು, ರೆಪ್ಪೆ, ಮೂಗಿನ ಹೊಳ್ಳೆ, ಕಿವಿಯ ಸಂದು ಎಲ್ಲ ಬಿಳಿ. ಜರಗನಹಳ್ಳಿಯ ವಠಾರದ ಮಕ್ಕಳು ಅವನನ್ನು ಹಿಟ್ಟಿನ ಮಾಮ ಅಂತ ಕರೆಯುತ್ತಿದ್ದರು. ಅದು ಹಿಟ್ಟಲ್ಲ. ಹೆಂಗಸರು ಮುಟ್ಟಿನ ದಿನಗಳಲ್ಲಿ ಬಳಸುವ ಪ್ಯಾಡಿನ ಧೂಳು. ಮರದ ತಿರುಳಿನ ದಪ್ಪ ಹಾಳೆಯನ್ನು ಮಿಲ್ಲಿನ ಬಾಯಿಗೆ ಕೊಟ್ಟರೆ, ಅದು ಒಳಗೆ ಬಡಿದು ಬಡಿದು ಅರಳೆಯ ಹಾಗೆ ಮಾಡುತ್ತದೆ. ಅರಳೆ ಪ್ಯಾಡಿಗೆ ಹೋಗುತ್ತದೆ. ಧೂಳು ಮಿಲ್ಲಿನ ಮುಂದೆ ನಿಂತವನಿಗೆ ಹೋಗುತ್ತದೆ. ಹಣಮಪ್ಪ ಆರು ವರ್ಷ ನಿಂತ.

ಕುಷ್ಟಗಿ ಕಡೆಯವನು. ಮೊದಲು ಬಿಟಿಎಂ ಲೇಔಟಿನಲ್ಲಿ ಒಂದು ಆಫೀಸಿನ ಗೇಟು ಕಾಯುತ್ತಿದ್ದ. ಕೂತು ಕೂತು ಬೇಸರ ಬಂದು ಮಿಲ್ಲಿನ ಕೆಲಸಕ್ಕೆ ಸೇರಿದ. ಅವನಿಗೆ ಮಿಶನ್ನು ಅಂದರೆ ಜೀವ. ಮಿಲ್ಲು ಕೆಟ್ಟರೆ ಬೈಯುತ್ತಿದ್ದ, ಸರಿಯಾದರೆ ಎಮ್ಮೆಯ ಬೆನ್ನು ತಟ್ಟುವ ಹಾಗೆ ತಟ್ಟುತ್ತಿದ್ದ. ಅವನ ಹೆಂಡತಿ ಹುಲಿಗೆವ್ವ ಅದೇ ಶೆಡ್ಡಿನಲ್ಲಿ ಪ್ಯಾಕಿಂಗ್ ಮಾಡುತ್ತಿದ್ದಳು. ನನಗಿಂತ ಆ ಮಿಲ್ಲಿನ ಮೇಲೇ ಇವನಿಗೆ ಕಾಳಜಿ ಹೆಚ್ಚು ಅಂತ ಎಲ್ಲರೆದುರೇ ಹೇಳುತ್ತಿದ್ದಳು.

ಶೆಡ್ಡು ದಿನೇಶನದು. ಅವನ ಅಪ್ಪನ ಕಾಲದಲ್ಲಿ ರಾಗಿ ಬೆಳೆಯುತ್ತಿದ್ದ ಜಾಗ, ಈಗ ತಗಡಿನ ಮಾಡು. ಮಿಲ್ಲು ಬಂದಾಗ ಅದರ ಜೊತೆ ಒಂದು ದಪ್ಪ ಪೈಪು, ಒಂದು ಫ್ಯಾನು, ಒಂದು ಉದ್ದನೆಯ ಬಟ್ಟೆ ಚೀಲವೂ ಬಂದಿದ್ದವು. ಫ್ಯಾನು ಧೂಳನ್ನು ಎಳೆದು ಚೀಲಕ್ಕೆ ತುಂಬುತ್ತಿತ್ತು. ಚೀಲ ಬಿಚ್ಚಿ ನೋಡಿದ ದಿನೇಶನಿಗೆ ಅದರಲ್ಲಿ ಧೂಳು ಕಾಣಲಿಲ್ಲ, ಮಾಲು ಕಂಡಿತು.

"ನನ್ ಮಾಲೆಲ್ಲ ಇದೇ ಎಳ್ಕೊಂಡ್ ಹೋಗುತ್ತಲ್ಲ ಗುರು" ಅಂದ. ಪೈಪು, ಫ್ಯಾನು, ಚೀಲ ಎಲ್ಲ ಬಿಚ್ಚಿಸಿ ಅಟ್ಟಕ್ಕೆ ಹಾಕಿಸಿದ.

ಪೈಪಿನ ಬದಲಿಗೆ ಬೆಲ್ಲ ಬಂತು. ದಿನೇಶನ ತಾಯಿ ಅಂಜನಮ್ಮ ಸಂಜೆ ಬಾಗಿಲಲ್ಲಿ ತಟ್ಟೆ ಹಿಡಿದು ನಿಲ್ಲುತ್ತಿದ್ದರು. ಮನೆಗೆ ಹೊರಟ ಒಬ್ಬೊಬ್ಬರ ಕೈಗೂ ಒಂದೊಂದು ತುಂಡು.

"ತಿನ್ನಪ್ಪಾ. ಒಳಗಿರೋ ಧೂಳೆಲ್ಲ ಇಳ್ದು ಹೊರಟೋಯ್ತದೆ."

ಹಳೇ ಹತ್ತಿ ಮಿಲ್ಲುಗಳಲ್ಲೂ ಹೀಗೇ ಕೊಡುತ್ತಿದ್ದರಂತೆ. ಆಯಮ್ಮ ಕೊಡುತ್ತಿದ್ದದ್ದು ಒಳ್ಳೆ ಮನಸ್ಸಿನಿಂದಲೇ. ಹಣಮಪ್ಪ ಬೆಲ್ಲವನ್ನು ಕಣ್ಣಿಗೊತ್ತಿಕೊಂಡು ಬಾಯಿಗೆ ಹಾಕುತ್ತಿದ್ದ. ಮೂಗಿಗೆ ಬಟ್ಟೆ ಕಟ್ಟಿಕೊ ಅಂತ ಹುಲಿಗೆವ್ವ ಅಂದರೆ ನಗುತ್ತಿದ್ದ.

"ಬೆಲ್ಲ ತಿಂತೀನಲ್ಲ, ನಿನಗ್ಯಾಕ ಚಿಂತಿ?"

"ಧೂಳು ಹೋಗೋದು ಮೂಗಿನ್ಯಾಗ, ಬೆಲ್ಲ ಹೋಗೋದು ಬಾಯಾಗ. ಎರಡೂ ಎಲ್ಲಿ ಭೆಟ್ಟಿ ಆಗ್ತಾವ?"

"ನೀ ಭಾಳ ದೊಡ್ಡ ಡಾಕ್ಟ್ರು ಆದಿ ಬಿಡು."

ಹೋದ ದೀಪಾವಳಿಗೆ ಕೆಮ್ಮು ಹಿಡಿಯಿತು. ಆಮೇಲೆ ಉಬ್ಬಸ. ಮೆಟ್ಟಿಲು ಹತ್ತುವಾಗ ನಡುವೆ ಕೂರುತ್ತಿದ್ದ. ಡಾಕ್ಟರು ಬಾಯಿಗೆ ಹೊಡೆದುಕೊಳ್ಳುವ ಪಂಪು ಬರೆದುಕೊಟ್ಟರು. ಧೂಳಿನ ಕೆಲಸ ಬಿಡು ಅಂದರು. ಅವನು ಮರುದಿನವೇ ಮಿಲ್ಲಿನ ಮುಂದೆ ನಿಂತ. ಬೇರೆಯವರಿಗೆ ಅದು ಬಗ್ಗುವುದಿಲ್ಲ ಅಂದ. ಒಂದು ಬೆಳಿಗ್ಗೆ ಅದರ ಮುಂದೆಯೇ ಕುಸಿದು ಕೂತ. ಆಟೋ ಕನಕಪುರ ರಸ್ತೆಯ ಟ್ರಾಫಿಕ್ಕಿನಲ್ಲಿ ನಿಂತಿತ್ತು. ಹುಲಿಗೆವ್ವನ ತೊಡೆಯ ಮೇಲೆ ಅವನ ತಲೆ ಇತ್ತು. ಅಲ್ಲೇ ಹೋದ.

ಮಣ್ಣಿಗೆ ದಿನೇಶ್ ಬಂದಿದ್ದ. ಹಾರ ಹಾಕಿದ. ಪಕ್ಕದವರ ಹತ್ತಿರ, "ಬೀಡಿ ಸೇದ್ತಿದ್ದ ಅನ್ಸುತ್ತೆ ಅಲ್ವಾ" ಅಂದ. ಹುಲಿಗೆವ್ವನಿಗೆ ಅದು ಕೇಳಿಸಿತು. ಹಣಮಪ್ಪ ಹುಟ್ಟಿದಾಗಿನಿಂದ ಬೀಡಿ ಮುಟ್ಟಿದವನಲ್ಲ. ಗಂಡ ಹೋದ ದಿನ ಅವಳಿಗೆ ಅಳುವಿಗಿಂತ ಮುಂಚೆ ಸಿಟ್ಟು ಬಂತು.

ತಿಂಗಳಾಗಿರಲಿಲ್ಲ, ದಿನೇಶ್ ಬಸವಂತನನ್ನು ಕರೆಸಿದ. ಬಸವಂತ ಹಣಮಪ್ಪನ ತಮ್ಮ, ಮದುವೆಯಾಗಿ ವರ್ಷ ತುಂಬಿಲ್ಲ. ಅಣ್ಣನ ಜಾಗ ತಮ್ಮನಿಗೇ ಇರಲಿ ಅಂದ ದಿನೇಶ್, ದೊಡ್ಡ ಉಪಕಾರ ಮಾಡಿದವನ ಹಾಗೆ. ಬಸವಂತ ಒಪ್ಪಿದ.

ಮರುದಿನ ಬೆಳಿಗ್ಗೆ ಮಿಲ್ಲಿನ ಸ್ವಿಚ್ಚಿಗೆ ಅಡ್ಡ ಹುಲಿಗೆವ್ವ ನಿಂತಿದ್ದಳು.

"ಸೈಡಿಗೆ ಬಾ ಹುಲಿಗೆವ್ವ, ಆರ್ಡರ್ ಐತೆ" ಅಂದ ದಿನೇಶ್.

"ಪೈಪು ಹಚ್ಚಿಸ್ರಿ. ಸರೀತೀನಿ."

"ಯಾವ ಪೈಪು?"

"ಅಟ್ಟದ ಮ್ಯಾಲೆ ಒಗದೀರಲ್ರಿ, ಅದು."

ಬಸವಂತನಿಗೆ ನಾಚಿಕೆಯಾಯಿತು. "ಬಾ ಅತ್ತಿಗಿ ಈ ಕಡೆ. ನಾ ಮಾಸ್ಕ್ ಹಾಕ್ಕೋತೀನಿ."

"ನಿಮ್ಮಣ್ಣಗ ಬೆಲ್ಲ ಇತ್ತು, ನಿನಗ ಮಾಸ್ಕ್ ಐತಿ. ಪೈಪು ಇಬ್ಬರಿಗೂ ಇಲ್ಲ. ನಿನ್ನ ಹೇಣ್ತಿಗೆ ನಾ ಏನ್ ಹೇಳ್ಲಿ?"

ಗಲಾಟೆ ಕೇಳಿ ಅಂಜನಮ್ಮ ಬಂದರು. "ಯಾಕವ್ವಾ ಹಿಂಗಾಡ್ತೀಯ? ನಾವೇನ್ ಕಮ್ಮಿ ಮಾಡಿದ್ವಿ ನಿಮ್ಗೆ? ದಿನಾ ನನ್ ಕೈಯಾರೆ ಬೆಲ್ಲ ಕೊಟ್ಟೆ ಅವ್ನಿಗೆ."

"ಕೊಟ್ರಿ ಅಮ್ಮಾರ. ತಿಂದ. ಸತ್ತ."

ದಿನೇಶ್ ನಡುವೆ ಬಂದ. "ಅವ್ನ್ ಸೇದಿದ್ದಕ್ಕೆಲ್ಲ ನಾನಾ ಜವಾಬ್ದಾರಿ?"

ಹುಲಿಗೆವ್ವ ಪ್ಯಾಕಿಂಗ್ ಹೆಂಗಸರ ಕಡೆ ತಿರುಗಿದಳು. "ಅವನ ಬಾಯಾಗ ಬೀಡಿ ಕಂಡೋರು ಯಾರರ ಇದ್ರ ಕೈ ಎತ್ರಿ. ನಾ ಈಗ ಸರೀತೀನಿ."

ಒಂದು ಕೈಯೂ ಏಳಲಿಲ್ಲ. ಶೃತಿ ಅನ್ನುವ ಹುಡುಗಿ ಕೈಯಲ್ಲಿದ್ದ ಪ್ಯಾಕೆಟ್ಟನ್ನು ಮೇಜಿನ ಮೇಲಿಟ್ಟಳು. "ಸಾರ್, ಪೈಪ್ ಹಾಕ್ಸಿ ಸಾರ್. ಸೀನಿದ್ರೆ ನಮಗೂ ಬಿಳೀದೇ ಬರುತ್ತೆ" ಅಂದಳು. ಉಳಿದವರೂ ಕೆಲಸ ಬಿಟ್ಟು ಕೂತರು.

"ಎಲ್ರೂ ಸೇರ್ಕೊಂಡು ಹೆದರುಸ್ತಿದೀರಾ?" ಅಂದ ದಿನೇಶ್.

"ದಿನೇಶಾ, ಏಣಿ ತಗೊಂಡ್ ಬಾ" ಅಂದರು ಅಂಜನಮ್ಮ.

"ಅಮ್ಮ, ನಿಂಗಿದೆಲ್ಲ ಗೊತ್ತಾಗಲ್ಲ."

"ಗೊತ್ತಾಗ್ದೇ ಇಷ್ಟ್ ದಿನ ಬೆಲ್ಲ ಹಂಚಿದ್ದು ಸಾಕು. ಏಣಿ ತಾ."

ಪೈಪು ಇಳಿಯಿತು. ಚೀಲವನ್ನು ಇಲಿ ಕಡಿದಿತ್ತು. ಹೆಂಗಸರು ಹೊಲಿದರು. ಬಸವಂತ ಪೈಪಿನ ಬಾಯನ್ನು ಮಿಲ್ಲಿಗೆ ಬಿಗಿದು, ಸಂದಿಗೆಲ್ಲ ರಬ್ಬರು ತುರುಕಿದ. ಗುಡಿಸಿದರೆ ಧೂಳು ಮತ್ತೆ ಏಳುತ್ತದೆ ಅಂತ ನೆಲವನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದರು. ಫ್ಯಾನು ಹಾಕಿದರು. ಮಿಲ್ಲು ತಿರುಗಿತು. ಮಿಲ್ಲು ಓಡುವಾಗ ಹೊಗೆ ಕವಿದಂತಿರುತ್ತಿದ್ದ ಶೆಡ್ಡಿನಲ್ಲಿ ಅವತ್ತು ಆಚೆ ಗೋಡೆ ಕಂಡಿತು. ಚೀಲ ಮೆಲ್ಲಗೆ ಉಬ್ಬತೊಡಗಿತು. ಊಟದ ಡಬ್ಬಿಯನ್ನು ಇನ್ನೂ ಯಾರೂ ತೆರೆದಿರಲಿಲ್ಲ.

"ಈಗ ಸಮಾಧಾನ ಆಯ್ತಾ?" ಅಂದ ದಿನೇಶ್.

"ಇಲ್ರಿ."

"ಇನ್ನೇನ್ ಬೇಕು ನಿಂಗೆ?"

"ಉಣ್ಣೋ ಹೊತ್ತಿನೊಳಗ ಮುಗಿಯೋ ಕೆಲಸ ಇದು, ಯಜಮಾನ್ರ. ಒಂದು ಹೊತ್ತಿನ ಕೆಲಸ. ಇಷ್ಟಕ್ಕ ನನ್ನ ಗಂಡನ್ನ ತಿಂದ್ರಿ."

ದಿನೇಶ್ ಫೋನು ತೆಗೆದು ನೋಡುತ್ತ ಹೊರಗೆ ಹೋದ. ಹುಲಿಗೆವ್ವ ಉಬ್ಬಿದ ಚೀಲವನ್ನು ಒಮ್ಮೆ ಮುಟ್ಟಿ ನೋಡಿದಳು.

"ತುಂಬಿದ್ರ ಹೊರಗ ಒಯ್ದು ಬಿಚ್ಚು" ಅಂದಳು ಬಸವಂತನಿಗೆ. "ಒಳಗ ಝಾಡಿಸಿದ್ರ ನಿನ್ನ ಕಾಲು ಮುರೀತೀನಿ."

ಹೇಳಿ ಪ್ಯಾಕಿಂಗ್ ಮೇಜಿಗೆ ಹೋದಳು.